‘ಸುಮ್ನೆ ಒಂದು ಸಹಿ’: ಕಾನೂನಿನ ಕಣ್ಣಲ್ಲಿ ಮೂರನೆಯವರು

ಕಳೆದ ವಾರ ತೀರ್ಥಹಳ್ಳಿಯಲ್ಲಿ ಒಂದು ಸಂಜೆ ಕಾನೂನಿನ ಬಗ್ಗೆ ಮಾತಾಡಿದ್ದೆ. ಮಳೆ ಜೋರಿತ್ತು. ಆದರೂ ಜನ ಬಂದಿದ್ದರು, ಒದ್ದೆ ಛತ್ರಿಗಳನ್ನು ಬಾಗಿಲ ಪಕ್ಕ ಒರಗಿಸಿ ಎರಡು ಗಂಟೆ ಕೂತರು. ಬರಲಾಗದ ಕೆಲವರು ಫೋನ್ ಮಾಡಿ, ಮಾತಾಡಿದ್ದನ್ನು ಬರೆದು ಹಾಕಿ ಅಂದರು. ಅದಕ್ಕೇ ಈ ಬರಹ.

ನಮ್ಮಲ್ಲಿ ಎರಡು ಗಾದೆಗಳಿವೆ. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುವುದು ಒಂದು. ಎರಡು ಕೋಣ ಕಾದಾಡಿದರೆ ನಡುವಿನ ಗಿಡಕ್ಕೆ ಸಾವು ಅನ್ನುವುದು ಇನ್ನೊಂದು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕೋರ್ಟುಗಳಲ್ಲಿ ಇಷ್ಟು ವರ್ಷ ಓಡಾಡಿದ ಮೇಲೆ ಹೇಳುತ್ತೇನೆ, ನಾನು ಜಾಸ್ತಿ ನೋಡಿದ್ದು ಎರಡನೆಯದನ್ನು. ಯಾಕೆ ಹೀಗಾಗುತ್ತದೆ ಅಂದರೆ ನಾವು ಲೆಕ್ಕ ತಪ್ಪುತ್ತೇವೆ. ‘ಇದು ಅವರಿಬ್ಬರ ವ್ಯವಹಾರ, ನಾನು ಮೂರನೆಯವನು’ ಅಂತ ನಿಶ್ಚಿಂತೆಯಾಗಿರುವ ಕಡೆ ಕಾನೂನು ನಮ್ಮನ್ನು ನಡುವಿಗೇ ಎಳೆದು ಕೂರಿಸಿರುತ್ತದೆ. ನಿಜವಾಗಿ ಮೂರನೆಯವರಾಗಿದ್ದು, ಅದೇ ಕಾರಣಕ್ಕೆ ಕಾನೂನು ನಮಗೊಂದು ಹಕ್ಕು ಕೊಟ್ಟಿರುವ ಕಡೆ, ‘ನಮಗೂ ಅದಕ್ಕೂ ಏನು ಸಂಬಂಧ’ ಅಂತ ಎದ್ದು ಬರುತ್ತೇವೆ. ನನಗೆ ಹೇಳಬೇಕಾದ್ದು ಇದೊಂದೇ.

ಮೊದಲು ನನ್ನ ಮನೆಯ ಕಥೆ.

ನಾನು ಪಿಯುಸಿ ಓದುವಾಗ ಪಕ್ಕದ ಮನೆಯವರೊಬ್ಬರು ಒಂದು ಸಂಘದಲ್ಲಿ ಸಾಲ ತೆಗೆದರು. ಅಡಿಕೆ ಮೂಟೆಗಳನ್ನು ಗೋದಾಮಿನಲ್ಲಿ ಅಡಮಾನ ಇಟ್ಟಿದ್ದರು, ಅದರ ಮೇಲೆ ಒಬ್ಬ ಜಾಮೀನುದಾರನೂ ಬೇಕು ಅಂದರಂತೆ. ಒಂದು ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತು ಅಪ್ಪನ ಹತ್ತಿರ, ‘ಅಣ್ಣಾ, ಅಡಿಕೆ ಗೋದಾಮಿನಲ್ಲೇ ಇದೆ, ನಿಮ್ಮದು ಸುಮ್ನೆ ಒಂದು ಸಹಿ’ ಅಂದರು. ಅಪ್ಪ ಕಾಫಿ ಕುಡಿದು ಮುಗಿಸಿ, ಅಂಗಿ ಹಾಕಿಕೊಂಡು ಅವರ ಜೊತೆಗೇ ಹೊರಟರು. ನಮ್ಮ ಕಡೆ ಜಾಮೀನು ಹಾಕುವುದು ಅಂದರೆ ಹಾಗೇ ತಾನೆ? ಕೊಯ್ಲಿಗೆ ಆಳು ಕಡಿಮೆ ಬಿದ್ದಾಗ ಒಬ್ಬರ ತೋಟಕ್ಕೆ ಇನ್ನೊಬ್ಬರು ಹೋದ ಹಾಗೆ. ಇಲ್ಲ ಅಂದರೆ ಮುಖ ನೋಡುವುದು ಹೇಗೆ?

ಮುಂದಿನ ಮಳೆಗಾಲ ಕೊಳೆರೋಗ ಬಂತು. ಅವರ ತೋಟದಲ್ಲಿ ಕಾಯಿ ಅರ್ಧಕ್ಕರ್ಧ ಉದುರಿತು. ಅವರು ಊರು ಬಿಟ್ಟು ಬೆಂಗಳೂರಿಗೆ ಮಗನ ಮನೆಗೆ ಹೋದರು. ಅದಾದ ಮೇಲೆ ಸಂಘದ ನೋಟಿಸು ಬಂದದ್ದು ನಮ್ಮ ಮನೆಗೆ. ಅಪ್ಪ ಅದನ್ನು ಹಿಡಿದುಕೊಂಡು ಕಚೇರಿಗೆ ಹೋಗಿ, ‘ಗೋದಾಮಿನ ಅಡಿಕೆ ಮಾರಿ ಹಣ ತಗೊಳ್ಳಿ, ಕಡಿಮೆ ಬಿದ್ದಿದ್ದು ನಾನು ಕೊಡ್ತೇನೆ’ ಅಂದರು. ಆಗ ಗೊತ್ತಾಯಿತು, ಗೋದಾಮಿನಲ್ಲಿ ಅಡಿಕೆ ಇಲ್ಲ. ದರ ಚೆನ್ನಾಗಿದ್ದಾಗ ‘ಮಾರಿ ಕಟ್ಟುತ್ತೇನೆ’ ಅಂತ ಅವರು ಕೇಳಿದ್ದಾರೆ, ಸಂಘದವರು ಮೂಟೆ ಬಿಟ್ಟುಕೊಟ್ಟಿದ್ದಾರೆ. ಅಪ್ಪನಿಗೆ ಒಂದು ಮಾತು ಹೇಳಿಲ್ಲ. ಎರಡು ವರ್ಷದ ಅಡಿಕೆ ದುಡ್ಡು ಹೋಯಿತು. ಅಕ್ಕನ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು. ಆ ವರ್ಷ ಅಪ್ಪ ಯಾರ ಮೇಲೂ ಕೂಗಾಡಲಿಲ್ಲ, ಜಗಲಿಯಲ್ಲಿ ಕೂರುವುದನ್ನು ಮಾತ್ರ ಬಿಟ್ಟರು.

ಕಾನೂನು ಓದಲು ಹೋದಾಗ, ಎರಡನೇ ವರ್ಷವೋ ಏನೋ, 1872ರ ಭಾರತೀಯ ಕರಾರು ಕಾಯ್ದೆಯ ಕಲಂ 141 ಕಣ್ಣಿಗೆ ಬಿತ್ತು. ಸಾಲಗಾರ ಕೊಟ್ಟ ಅಡಮಾನದ ಲಾಭ ಜಾಮೀನುದಾರನಿಗೂ ಸೇರಬೇಕು. ಸಾಲ ಕೊಟ್ಟವರು ಜಾಮೀನುದಾರನ ಒಪ್ಪಿಗೆ ಇಲ್ಲದೆ ಆ ಅಡಮಾನ ಕಳೆದುಕೊಂಡರೆ ಅಥವಾ ಬಿಟ್ಟುಕೊಟ್ಟರೆ, ಅದು ಎಷ್ಟು ಬೆಲೆಯದೋ ಅಷ್ಟರ ಮಟ್ಟಿಗೆ ಜಾಮೀನುದಾರ ಬಿಡುಗಡೆ. ಅಂಥ ಅಡಮಾನ ಇದೆ ಅಂತ ಅವನಿಗೆ ಗೊತ್ತಿರಲೇಬೇಕು ಅಂತಲೂ ಇಲ್ಲ. ಅಂದರೆ ಆ ಮೂಟೆಗಳ ಬೆಲೆಯಷ್ಟು ದುಡ್ಡು ಅಪ್ಪ ಕಟ್ಟಬೇಕಾಗಿರಲಿಲ್ಲ. ನಾನು ಆ ಪುಟವನ್ನು ಮೂರು ನಾಲ್ಕು ಸಲ ಓದಿದೆ. ರಜಕ್ಕೆ ಬಂದಾಗ ಅಪ್ಪನಿಗೆ ಹೇಳಬೇಕೋ ಬೇಡವೋ ಅಂತ ಯೋಚಿಸಿ ಕೊನೆಗೆ ಹೇಳಿದೆ. ‘ಆಗ ಯಾರೂ ಹೇಳಲಿಲ್ಲವಲ್ಲೋ’ ಅಂದರು, ಅಷ್ಟೇ.

ಆವತ್ತು ಯಾರೂ ಹೇಳಲಿಲ್ಲ ಅನ್ನುವ ಕಾರಣಕ್ಕೇ ಇವತ್ತು ಬಿಡಿಸಿ ಹೇಳುತ್ತೇನೆ.

ಜಾಮೀನುದಾರ ಮೂರನೆಯವನಲ್ಲ. ಕಲಂ 128 ಹೇಳುವುದು, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ ಅಂತ, ಬೇರೆ ಥರ ಬರೆದುಕೊಂಡಿರದಿದ್ದರೆ. ‘ಮೊದಲು ಅವನ ತೋಟ ಜಪ್ತಿ ಮಾಡಿ, ಆಮೇಲೆ ನನ್ನ ಹತ್ತಿರ ಬನ್ನಿ’ ಅನ್ನುವ ಮಾತು ಕೋರ್ಟಿನಲ್ಲಿ ನಡೆಯುವುದಿಲ್ಲ. 1968ರಲ್ಲಿ ಬ್ಯಾಂಕ್ ಆಫ್ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ನೇರವಾಗಿ ಹೇಳಿತು. ಸಾಲಗಾರನ ಆಸ್ತಿಯೆಲ್ಲ ಮುಗಿಯುವವರೆಗೆ ಕಾಯಬೇಕು ಅಂತಾದರೆ ಜಾಮೀನು ಯಾಕೆ ಬೇಕಿತ್ತು ಅನ್ನುವುದು ಅದರ ತರ್ಕ. ಕೇಳಲು ಕಠಿಣ, ಆದರೆ ಕಾನೂನು ಹಾಗಿದೆ. ಅಣ್ಣನೋ ಭಾವನೋ ಬಂದು ‘ಸುಮ್ನೆ ಒಂದು ಸಹಿ’ ಅಂದಾಗ, ಅವರು ಕೇಳುತ್ತಿರುವುದು ಸಹಿಯನ್ನಲ್ಲ, ಅಷ್ಟೂ ಸಾಲದ ಹೊಣೆಯನ್ನು.

ಆದರೆ ಅದೇ ಕಾಯ್ದೆ ಜಾಮೀನುದಾರನ ಕೈಯನ್ನು ಪೂರ್ತಿ ಬಿಟ್ಟಿಲ್ಲ. ನಿಮ್ಮನ್ನು ಕೇಳದೆ ಸಾಲದ ಷರತ್ತು ಬದಲಾಯಿಸಿದರೆ, ಆ ಬದಲಾವಣೆಯ ನಂತರದ ವ್ಯವಹಾರಕ್ಕೆ ನೀವು ಜವಾಬ್ದಾರರಲ್ಲ, ಅದು ಕಲಂ 133. ನೀವು ಸಾಲ ತೀರಿಸಿದರೆ ಸಾಲ ಕೊಟ್ಟವರ ಜಾಗದಲ್ಲಿ ನೀವು ನಿಲ್ಲುತ್ತೀರಿ, ಅವರಿಗೆ ಸಾಲಗಾರನ ಮೇಲಿದ್ದ ಹಕ್ಕೆಲ್ಲ ನಿಮಗೆ ಬರುತ್ತದೆ. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡಬಹುದು, ಅದಕ್ಕೆ ಕಟ್ಟಿದ ದಿನದಿಂದ 3 ವರ್ಷ ಸಮಯ. ಈ 3 ವರ್ಷ ‘ನೆಂಟ ಅಲ್ವಾ, ಕೊಡ್ತಾನೆ’ ಅನ್ನುವುದರಲ್ಲೇ ಕಳೆದುಹೋಗುತ್ತದೆ, ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಇನ್ನೊಂದು ಮಾತು. ಈಗಿನ ಅಚ್ಚಾದ ಜಾಮೀನು ಪತ್ರಗಳಲ್ಲಿ ಸಣ್ಣ ಅಕ್ಷರದಲ್ಲಿ ‘ಈ ಕಲಮುಗಳ ಲಾಭವನ್ನು ನಾನು ಬಿಟ್ಟುಕೊಟ್ಟಿದ್ದೇನೆ’ ಅನ್ನುವ ಸಾಲು ಇರುತ್ತದೆ. ಅದರ ಕೆಳಗೆ ಸಹಿ ಬಿದ್ದರೆ ಕಲಂ 141ನ್ನು ಹಿಡಿದು ನಿಲ್ಲುವುದು ಬಹಳ ಕಷ್ಟ. ಓದಿ. ಓದಲು ಕನ್ನಡಕ ಬೇಕಿದ್ದರೆ ತಂದುಕೊಂಡು ಓದಿ. ಅರ್ಥವಾಗದಿದ್ದರೆ ನಾಳೆ ಬರುತ್ತೇನೆ ಅನ್ನಿ. ಸಹಿ ಹಾಕಿದ ಪ್ರತಿಯಂತೂ ಮನೆಗೆ ತನ್ನಿ. ಅಪ್ಪನ ಹತ್ತಿರ ಪ್ರತಿಯೇ ಇರಲಿಲ್ಲ.

ಜಮೀನು ಕೊಳ್ಳುವವರದ್ದೂ ಇಂಥದೇ ತಪ್ಪು ಲೆಕ್ಕ. ಅಣ್ಣತಮ್ಮಂದಿರ ನಡುವೆ ಪಾಲಿನ ದಾವೆ ನಡೆಯುತ್ತಿದೆ ಅಂದುಕೊಳ್ಳಿ. ಅವರಲ್ಲೊಬ್ಬ ದುಡ್ಡಿನ ಅಡಚಣೆಯಲ್ಲಿ ಒಂದು ಎಕರೆ ತೋಟವನ್ನು ಹೊರಗಿನವರಿಗೆ ಮಾರುತ್ತಾನೆ. ಕೊಂಡವರು ಪಹಣಿ ನೋಡಿರುತ್ತಾರೆ, ಋಣಭಾರ ಪತ್ರ ತೆಗೆಸಿರುತ್ತಾರೆ, ಎಲ್ಲ ಸರಿಯಾಗಿಯೇ ಕಾಣುತ್ತದೆ. ‘ಅವರ ದಾಯಾದಿ ಜಗಳ ಕಟ್ಟಿಕೊಂಡು ನಮಗೇನು, ನಾವು ದುಡ್ಡು ಕೊಟ್ಟು ರಿಜಿಸ್ಟ್ರಿ ಮಾಡಿಸಿದವರು.’ ಇಲ್ಲ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕಲಂ 52ರ ಪ್ರಕಾರ, ದಾವೆ ನಡೆಯುವಾಗ ಕೊಂಡವರಿಗೆ ಆ ದಾವೆಯ ತೀರ್ಪು ಅಂಟಿಕೊಳ್ಳುತ್ತದೆ. ದಾವೆ ಇತ್ತು ಅಂತ ನನಗೆ ಗೊತ್ತೇ ಇರಲಿಲ್ಲ ಅಂದರೂ ಬಿಡುವುದಿಲ್ಲ. ಋಣಭಾರ ಪತ್ರದಲ್ಲಿ ದಾವೆ ಕಾಣುತ್ತದೆ ಅಂತ ನಂಬಬೇಡಿ. ಪಕ್ಕದ ತೋಟದವರನ್ನು ವಿಚಾರಿಸಿ, ಮಾರುವವನ ಅಣ್ಣತಮ್ಮ, ಅಕ್ಕತಂಗಿಯರನ್ನು ವಿಚಾರಿಸಿ, ಮುಖ್ಯವಾಗಿ ಅಕ್ಕತಂಗಿಯರನ್ನು. ತಾಲೂಕಿನ ಕೋರ್ಟಿನಲ್ಲಿ ಅವರ ಹೆಸರಿನ ಮೇಲೆ ದಾವೆ ಇದೆಯಾ ಅಂತ ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ನೋಡಬಹುದು, ದುಡ್ಡು ಬೇಕಿಲ್ಲ.

ಇಲ್ಲಿಗೆ ಬಂದಾಗ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯ ಹೆಂಗಸೊಬ್ಬರು ಕೈ ಎತ್ತಿದರು. ‘ಮಕ್ಕಳು ಪಾಲು ಮಾಡಿಕೊಂಡಾಗ ಅಮ್ಮನಿಗೆ ವರ್ಷಕ್ಕೆ ಇಷ್ಟು ಅಡಿಕೆ ಅಂತ ಬರೆದಿದ್ದಾರೆ. ಅದಕ್ಕೆ ಅಮ್ಮನ ಸಹಿಯೇ ಇಲ್ಲ. ಈಗ ಕೊಡುವುದಿಲ್ಲ ಅಂತಾರೆ. ಅಮ್ಮ ಕೇಳಬಹುದೋ ಇಲ್ಲವೋ?’ ಯಾರ ಅಮ್ಮ ಅಂತ ನಾನು ಕೇಳಲಿಲ್ಲ.

ಅಮ್ಮಾ, ನೀವು ಕೇಳಿದ್ದು ದೊಡ್ಡ ಪ್ರಶ್ನೆ, ಅದಕ್ಕೆ ನೂರೈವತ್ತು ವರ್ಷದ ಕಥೆ ಇದೆ ಅಂದೆ. ಇಂಗ್ಲೆಂಡಿನಲ್ಲಿ 1861ರಲ್ಲಿ ಒಂದು ತೀರ್ಪು ಬಂತು. ಟ್ವೆಡ್ಲ್ ಅನ್ನುವ ಹುಡುಗನ ಮದುವೆಯಾಯಿತು, ಅವನ ಅಪ್ಪನೂ ಹೆಣ್ಣಿನ ಅಪ್ಪನೂ ಸೇರಿ ‘ಇವನಿಗೆ ಇಬ್ಬರೂ ಇಷ್ಟಿಷ್ಟು ಹಣ ಕೊಡೋಣ’ ಅಂತ ಕರಾರು ಬರೆದರು. ಮಾವ ಹಣ ಕೊಡದೆ ತೀರಿಕೊಂಡ. ಹುಡುಗ ದಾವೆ ಹೂಡಿದ, ಸೋತ. ಕರಾರು ನಿನ್ನ ಹಿತಕ್ಕೇ ಇರಬಹುದು, ಆದರೆ ನೀನು ಅದರಲ್ಲಿ ಹೊರಗಿನವನು ಅಂತ ಕೋರ್ಟು ಹೇಳಿತು. ಕರಾರು ಮಾಡಿಕೊಂಡವರು ಮಾತ್ರ ಅದನ್ನು ಜಾರಿ ಮಾಡಿಸಬಹುದು ಅನ್ನುವ ಆ ನಿಯಮ ಇವತ್ತಿಗೂ ನಮ್ಮಲ್ಲಿ ಮೂಲ ನಿಯಮ. ಇಂಗ್ಲೆಂಡಿನವರು 1999ರಲ್ಲಿ ಹೊಸ ಕಾಯ್ದೆ ಮಾಡಿ ಅದನ್ನು ಸಡಿಲಿಸಿದರು. ನಾವು ಅಂಥ ಕಾಯ್ದೆ ಮಾಡಿಲ್ಲ.

ಆದರೆ ನಮ್ಮ ಮನೆಗಳು ಬೇರೆ ಥರ ಅಂತ ಕೋರ್ಟುಗಳಿಗೆ ಬೇಗ ಅರ್ಥವಾಯಿತು. 1880ರ ದಶಕದ ಆರಂಭದಲ್ಲಿ ಮದ್ರಾಸ್ ಹೈಕೋರ್ಟಿಗೆ ಒಂದು ಪ್ರಕರಣ ಬಂತು. ವಯಸ್ಸಾದ ಹೆಂಗಸೊಬ್ಬರು ಮಗಳಿಗೆ ಜಮೀನು ದಾನಪತ್ರ ಮಾಡಿಕೊಟ್ಟರು. ತನ್ನ ತಂಗಿಗೆ ವರ್ಷಕ್ಕೆ 653 ರೂಪಾಯಿ ಕೊಡುತ್ತಿರಬೇಕು ಅಂತ ಷರತ್ತು. ಮಗಳು ಚಿಕ್ಕಮ್ಮನಿಗೆ ಹಾಗೇ ಬರೆದೂ ಕೊಟ್ಟಳು. ಆಮೇಲೆ, ‘ಚಿಕ್ಕಮ್ಮ ನನಗೇನು ಕೊಟ್ಟಿದ್ದಾಳೆ ಅಂತ ನಾನು ಕೊಡಲಿ?’ ಅಂದಳು. ಕೋರ್ಟು ಒಪ್ಪಲಿಲ್ಲ. ನಮ್ಮ ಕರಾರು ಕಾಯ್ದೆಯ ಕಲಂ 2ರಲ್ಲೇ ಇದೆ, ಕೊಟ್ಟ ಮಾತಿಗೆ ಬದಲಾಗಿ ಕೊಡಬೇಕಾದ್ದನ್ನು ಮಾತು ಪಡೆದವರೇ ಕೊಡಬೇಕಿಲ್ಲ, ‘ಬೇರೆ ಯಾರಾದರೂ’ ಕೊಟ್ಟಿದ್ದರೂ ಸಾಕು. ಅಮ್ಮ ಜಮೀನು ಕೊಟ್ಟಾಗಿದೆಯಲ್ಲ! ಆ ಒಂದು ಪದ, ‘ಬೇರೆ ಯಾರಾದರೂ’, ಇಂಗ್ಲಿಷ್ ಕಾನೂನಿನಲ್ಲಿ ಇರಲಿಲ್ಲ.

ನನಗೆ ಇನ್ನೂ ಇಷ್ಟವಾದದ್ದು 1910ರ ಹುಸೇನಿ ಬೇಗಂ ಪ್ರಕರಣ. ಮದುವೆಯ ಹೊತ್ತಿಗೆ ಗಂಡಿನ ಅಪ್ಪ ಹೆಣ್ಣಿನ ಅಪ್ಪನಿಗೆ ಮಾತು ಕೊಟ್ಟಿದ್ದ, ಸೊಸೆಗೆ ತಿಂಗಳಿಗೆ 500 ರೂಪಾಯಿ ಪಾನ್‌ದಾನಿನ ಖರ್ಚಿಗೆ ಕೊಡುತ್ತೇನೆ ಅಂತ. ಪಾನ್‌ದಾನ್ ಅಂದರೆ ನಮ್ಮ ಎಲೆಅಡಿಕೆ ಪೆಟ್ಟಿಗೆಯೇ. (ಇದನ್ನು ಹೇಳಿದಾಗ ಸಭೆ ಸ್ವಲ್ಪ ಹಗುರಾಯಿತು, ಅಡಿಕೆ ಬೆಳೆಯುವವರ ಊರಲ್ಲವೇ.) ಆಮೇಲೆ ಹಣ ನಿಂತಿತು. ಆಕೆ ದಾವೆ ಹೂಡಿದಳು, ಅದು ಆಗ ನಮ್ಮ ಕೊನೆಯ ಅಪೀಲು ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಯಿತು. ಕರಾರಿನಲ್ಲಿ ಅವಳ ಸಹಿ ಇಲ್ಲ, ಅವಳಾಗ ಚಿಕ್ಕ ಹುಡುಗಿ. ಆದರೆ ಆ ಹಣಕ್ಕೆ ಆಧಾರವಾಗಿ ಇಂತಿಂಥ ಆಸ್ತಿ ಅಂತ ಗುರುತಿಸಿದ್ದರು, ಕರಾರು ಆಗಿದ್ದೇ ಅವಳಿಗೋಸ್ಕರ. ಅಪ್ಪಂದಿರೇ ಮದುವೆ ಮಾತು ಮುಗಿಸುವ ಈ ದೇಶದಲ್ಲಿ ಇಂಗ್ಲೆಂಡಿನ ನಿಯಮವನ್ನು ಹಾಗೇ ತಂದು ಹಾಕಿದರೆ ಅನ್ಯಾಯವಾಗುತ್ತದೆ ಅಂದರು. ಅವಳು ಗೆದ್ದಳು.

ಆ ದಾರಿಯಲ್ಲೇ ಮುಂದೆ, ಮನೆಯ ಪಾಲುಪತ್ರದಲ್ಲಿ ಹೆಂಗಸರ ಜೀವನಾಂಶಕ್ಕೋ ಮದುವೆ ಖರ್ಚಿಗೋ ಬರೆದಿದ್ದರೆ, ಸಹಿ ಮಾಡದಿದ್ದರೂ ಅವರು ಅದನ್ನು ಕೇಳಬಹುದು ಅಂತ ಕೋರ್ಟುಗಳು ಒಪ್ಪುತ್ತಾ ಬಂದವು. ಹಾಗಾಗಿ, ಅಮ್ಮಾ, ಕೇಳಬಹುದು. ದಾವೆ ಬೇಡ, ಅಷ್ಟು ವರ್ಷ ಕಾಯಲು ಆಗುವುದಿಲ್ಲ ಅಂದರೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಗಳ ಮುಂದೆ ಒಂದು ಅರ್ಜಿ ಕೊಟ್ಟರೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತಾರೆ. ಆ ಪಾಲುಪತ್ರದ ನಕಲು ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮೊದಲು ತೆಗೆಸಿಟ್ಟುಕೊಳ್ಳಿ.

ರಸ್ತೆಯ ವಿಷಯಕ್ಕೆ ಬರುತ್ತೇನೆ. ‘ಥರ್ಡ್ ಪಾರ್ಟಿ’ ಅನ್ನುವ ಪದ ಎಲ್ಲರಿಗೂ ಗೊತ್ತಿರುವುದು ಇಲ್ಲಿಂದಲೇ ಅಲ್ವಾ? ಆದರೆ ಆ ಮೂರನೆಯವರು ಯಾರು ಅಂತ ಕೇಳಿದರೆ ಜಾಸ್ತಿ ಜನ ತಡವರಿಸುತ್ತಾರೆ. ಗಾಡಿಯ ಮಾಲೀಕ ಒಬ್ಬ, ವಿಮಾ ಕಂಪನಿ ಇನ್ನೊಬ್ಬ, ರಸ್ತೆಯ ಬದಿಯಲ್ಲಿ ಹಾಲಿನ ಕ್ಯಾನ್ ಹಿಡಿದು ಡೈರಿಗೆ ಹೋಗುತ್ತಿರುವ ನೀವು ಮೂರನೆಯವರು. ಅವರಿಬ್ಬರ ಒಪ್ಪಂದಕ್ಕೆ ನೀವು ಸಹಿ ಮಾಡಿಲ್ಲ, ಒಂದು ರೂಪಾಯಿ ಕಂತು ಕಟ್ಟಿಲ್ಲ. ಆದರೂ ಕಾನೂನು ಆ ಒಪ್ಪಂದವನ್ನು ಕಡ್ಡಾಯ ಮಾಡಿದ್ದೇ ನಿಮಗೋಸ್ಕರ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 146 ಅದು. ಟ್ವೆಡ್ಲ್ ಎಂಬ ಹುಡುಗನಿಗೆ ಸಿಗದೆ ಹೋದದ್ದು ನಮಗೆ ಇಲ್ಲಿ ಪೂರ್ತಿ ಸಿಕ್ಕಿದೆ. ಚಾಲಕನ ಲೈಸೆನ್ಸ್ ಸರಿ ಇರಲಿಲ್ಲ ಅಂತ ಕಂಪನಿ ತಕರಾರು ತೆಗೆದರೂ, ಮೊದಲು ಗಾಯಗೊಂಡವರಿಗೆ ಕೊಡಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಿ ಅಂತ ಕೋರ್ಟುಗಳು ಹೇಳುವುದುಂಟು. ಇಷ್ಟು ಗಟ್ಟಿ ಹಕ್ಕು ಇಟ್ಟುಕೊಂಡು ನಮ್ಮ ಜನ ಆಸ್ಪತ್ರೆ ಬಿಲ್ಲಿನ ಅರ್ಧ ತೆಗೆದುಕೊಂಡು, ಠಾಣೆಗೆ ದೂರು ಕೊಡದೆ, ಊರಿನ ಹಿರಿಯರ ಮುಂದೆ ರಾಜಿ ಮಾಡಿಕೊಂಡು ಬರುತ್ತಾರೆ. ಕಾಲು ಮುರಿದವನು ಮುಂದೆ ಮರ ಹತ್ತುವ ಹಾಗಿಲ್ಲ ಅನ್ನುವುದು ರಾಜಿಯ ಲೆಕ್ಕದಲ್ಲಿ ಬರುವುದೇ ಇಲ್ಲ. ದೂರು ಕೊಡಿ. ಪರಿಹಾರದ ಅರ್ಜಿಯನ್ನು ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲೇ ಹಾಕಬಹುದು. ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 6 ತಿಂಗಳ ಗಡುವು ಸೇರಿದೆ, ಅದಕ್ಕೇ ತಡ ಮಾಡಬೇಡಿ. ಗುದ್ದಿ ಓಡಿಹೋದ ಗಾಡಿ ಸಿಗದೇ ಇದ್ದರೂ, ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ಪರಿಹಾರದ ಯೋಜನೆ ಇದೆ.

ಇದರಲ್ಲಿ ಒಂದು ದೊಡ್ಡ ತೂತು ಇದೆ, ನಮ್ಮ ಮಲೆನಾಡಿನವರು ಅದರೊಳಗೆ ದಿನಾ ಬೀಳುತ್ತಾರೆ. ಕೊಯ್ಲಿನ ಕಾಲದಲ್ಲಿ ಬೆಳಿಗ್ಗೆ ನೋಡಿ, ಪಿಕಪ್ ಗಾಡಿಯ ಹಿಂದೆ ಹದಿನೈದು ಇಪ್ಪತ್ತು ಜನ ನಿಂತು ಹೋಗುತ್ತಿರುತ್ತಾರೆ. ಮದುವೆ ದಿಬ್ಬಣ, ದೇವರ ಕಾರ್ಯ, ಎಲ್ಲಕ್ಕೂ ಅದೇ ಗಾಡಿ. ಗಾಡಿ ಮಗುಚಿತು ಅಂದರೆ, ರಸ್ತೆಯಲ್ಲಿ ನಡೆಯುತ್ತಿದ್ದವನಿಗೆ ಪರಿಹಾರ ಇದೆ. ಹಿಂದೆ ನಿಂತಿದ್ದವರಿಗೆ? ಸರಕಿನ ಗಾಡಿಯಲ್ಲಿ ಸುಮ್ನೆ ಹತ್ತಿಕೊಂಡು ಹೋಗುವ ಪ್ರಯಾಣಿಕರ ಹೊಣೆ ವಿಮಾ ಕಂಪನಿಯದ್ದಲ್ಲ ಅಂತ ಸುಪ್ರೀಂ ಕೋರ್ಟು 2002ರ ಆಶಾ ರಾಣಿ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಸರಕಿನ ಮಾಲೀಕ ಅಥವಾ ಅವನ ಪ್ರತಿನಿಧಿ ಸರಕಿನ ಜೊತೆ ಹೋಗುತ್ತಿದ್ದರೆ ಬೇರೆ ಮಾತು. ಉಳಿದವರು ಗಾಡಿಯ ಮಾಲೀಕನ ಹಿಂದೆ ಅಲೆಯಬೇಕು, ಅವನ ಹತ್ತಿರ ಇರುವುದು ಆ ಮಗುಚಿದ ಗಾಡಿ ಒಂದೇ. ಬೈಕಿನ ಹಿಂದೆ ಕೂತವರಿಗೂ ಬರೀ ಥರ್ಡ್ ಪಾರ್ಟಿ ಪಾಲಿಸಿ ಸಾಕಾಗುವುದಿಲ್ಲ. ಆಳುಗಳನ್ನು ಕರೆಸುವ ತೋಟದ ಮಾಲೀಕರು ಇಲ್ಲಿ ಬಹಳ ಜನ ಇದ್ದೀರಿ. ದಯವಿಟ್ಟು ಅವರನ್ನು ಬಸ್ಸಿನಲ್ಲೋ ಪ್ರಯಾಣಿಕರ ಪರವಾನಗಿ ಇರುವ ಗಾಡಿಯಲ್ಲೋ ಕರೆಸಿ. ಖರ್ಚು ಜಾಸ್ತಿ, ನನಗೆ ಗೊತ್ತು. ಆದರೂ ಕರೆಸಿ.

ಇನ್ನೊಂದು ಥರದ ಮೂರನೆಯವರಿದ್ದಾರೆ. ತನಗೇನೂ ಆಗಿಲ್ಲ, ಆದರೂ ಕೋರ್ಟಿನ ಬಾಗಿಲು ತಟ್ಟುವವರು. ಹಿಂದೆಲ್ಲ ‘ನಿನಗೇನು ನಷ್ಟ?’ ಅಂತ ಕೇಳಿ ವಾಪಸ್ ಕಳಿಸುತ್ತಿದ್ದರು. 1981ರ ಎಸ್.ಪಿ. ಗುಪ್ತಾ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಆ ಬಾಗಿಲನ್ನು ಅಗಲ ಮಾಡಿದರು. ತಾವಾಗಿ ಬರಲಾಗದವರ ಪರವಾಗಿ ಬೇರೆಯವರು ಬರಬಹುದು ಅಂದರು. ಅದರಿಂದ ನಮ್ಮ ನದಿಗೇ ಒಂದು ಉಪಕಾರವಾಯಿತು. ಕುದುರೆಮುಖದಲ್ಲಿ ಸರ್ಕಾರಿ ಕಂಪನಿ ಕಬ್ಬಿಣದ ಅದಿರು ತೆಗೆಯುತ್ತಿತ್ತು. ಅದರ ಗುತ್ತಿಗೆ 1999ಕ್ಕೆ ಮುಗಿದಿತ್ತು, ಗಣಿಗಾರಿಕೆ ಮಾತ್ರ ಮುಂದುವರಿದಿತ್ತು. ಗುತ್ತಿಗೆ ಕೊಟ್ಟವರೂ ಸರ್ಕಾರ, ತೆಗೆದುಕೊಂಡದ್ದೂ ಸರ್ಕಾರದ್ದೇ ಕಂಪನಿ, ಜಗಳ ಮಾಡುವವರು ಯಾರು? ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರಿನಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಭದ್ರೆ ಹುಟ್ಟುವುದು ಆ ಬೆಟ್ಟಗಳಲ್ಲೇ. ಅಲ್ಲಿಂದ ಲಕ್ಕವಳ್ಳಿಗೆ, ಭದ್ರಾವತಿಗೆ ಬಂದು ಕೂಡ್ಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಆ ಪ್ರಕರಣದಲ್ಲಿ ನದಿಯ ಹೆಸರಲ್ಲಿ ವಕಾಲತ್ತು ಹಾಕುವವರು ಯಾರೂ ಇರಲಿಲ್ಲ. ಮೂರನೆಯವರೊಬ್ಬರು ಹೋದರು.

ಅದೇ ತೀರ್ಪಿನಿಂದ ಕುದುರೆಮುಖದ ಟೌನ್‌ಶಿಪ್ ಖಾಲಿಯಾಯಿತು, ಅಲ್ಲಿ ದುಡಿಯುತ್ತಿದ್ದವರು ಊರು ಬಿಟ್ಟರು. ಅದನ್ನೂ ಹೇಳಲೇಬೇಕು. ಅವರೂ ಆ ಜಗಳದ ಗಿಡಗಳೇ. ತೀರ್ಪು ಸರಿ ಅಂತ ನಾನು ನಂಬುತ್ತೇನೆ. ಆದರೆ ಇಂಥ ಪ್ರಕರಣಗಳಲ್ಲಿ ಕೆಲಸಗಾರರೂ ಸಣ್ಣ ಅಂಗಡಿಯವರೂ ‘ನಮ್ಮನ್ನೂ ಸೇರಿಸಿಕೊಳ್ಳಿ’ ಅಂತ ಅರ್ಜಿ ಹಾಕಬಹುದು, ಹಾಕಬೇಕು. ಸಿವಿಲ್ ದಾವೆಗಳಲ್ಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 1, ನಿಯಮ 10 ಇರುವುದೇ ಅದಕ್ಕೆ. ಪಕ್ಕದ ಜಮೀನಿನ ದಾವೆಯಲ್ಲಿ ನಿಮ್ಮ ದಾರಿಯೋ ನೀರಿನ ಕಾಲುವೆಯೋ ಸಿಕ್ಕಿಹಾಕಿಕೊಂಡಿದ್ದರೂ ಅದೇ ನಿಯಮ. ತೀರ್ಪು ಬಂದ ಮೇಲೆ ಓಡಿ ಬರಬೇಡಿ, ನಡೆಯುತ್ತಿರುವಾಗಲೇ ಬನ್ನಿ.

ಮಧ್ಯಸ್ಥಿಕೆಯ ಬಗ್ಗೆ ಒಬ್ಬರು ಕೇಳಿದರು. ಸಮಯ ಇರಲಿಲ್ಲ, ಇಷ್ಟೇ ಹೇಳಿದೆ. ಊರಿನ ಪಂಚಾಯ್ತಿಕೆ ಮಾಡುವವರು ತೀರ್ಮಾನ ಹೇಳುತ್ತಾರೆ, ಕೋರ್ಟಿನ ಮಧ್ಯಸ್ಥರು ತೀರ್ಮಾನ ಹೇಳುವ ಹಾಗಿಲ್ಲ, ಇಬ್ಬರನ್ನೂ ಮಾತಾಡಿಸುತ್ತಾರೆ ಅಷ್ಟೇ. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆಜ್ಞೆಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಅದಕ್ಕೇ ಸಹಿ ಹಾಕುವ ಮುಂಚೆ ಪೂರ್ತಿ ಓದಿಸಿಕೊಳ್ಳಿ.

ಕೊನೆಗೆ ಮಳೆ ಸ್ವಲ್ಪ ಹಿಡಿಯಿತು, ಜನ ಏಳತೊಡಗಿದರು. ಆಗ ಒಬ್ಬ ಯುವಕ ಹತ್ತಿರ ಬಂದು, ‘ಸರ್, ನಮ್ಮ ಭಾವನ ಸಾಲಕ್ಕೆ ಮೂರು ವರ್ಷದ ಹಿಂದೆ ಜಾಮೀನು ಹಾಕಿದ್ದೆ, ಅವರು ತೀರಿಸಿ ತೀರಿಸಿ ಮತ್ತೆ ತೆಗೀತಾನೇ ಇದ್ದಾರೆ, ನಾನು ಹೊರಗೆ ಬರೋಕೆ ಆಗಲ್ವಾ?’ ಅಂದ. ಆಗುತ್ತೆ ಮಾರಾಯ. ಹೀಗೆ ಮುಂದುವರಿಯುತ್ತಾ ಹೋಗುವ ಜಾಮೀನನ್ನು ಕರಾರು ಕಾಯ್ದೆಯ ಕಲಂ 130ರ ಪ್ರಕಾರ ನೋಟಿಸು ಕೊಟ್ಟು ಮುಂದಿನ ಸಾಲಗಳ ಮಟ್ಟಿಗೆ ವಾಪಸ್ ಪಡೆಯಬಹುದು. ಇವತ್ತಿನವರೆಗೆ ಬಾಕಿ ಇರುವುದಕ್ಕೆ ನೀನು ಹೊಣೆ, ನಾಳೆ ತೆಗೆಯುವುದಕ್ಕೆ ಅಲ್ಲ. ಆದರೆ ಮೊದಲು ನೀನು ಸಹಿ ಹಾಕಿದ ಪತ್ರದಲ್ಲಿ ಆ ಹಕ್ಕನ್ನೂ ಬಿಟ್ಟುಕೊಟ್ಟಿದ್ದೀಯಾ ಅಂತ ನೋಡಬೇಕು. ಪ್ರತಿ ಇದೆಯಾ ಅಂತ ಕೇಳಿದೆ. ಇಲ್ಲ ಅಂದ. ಅಲ್ಲೇ ಕುರ್ಚಿ ಎಳೆದುಕೊಂಡು ಕೂತು, ಜಾಮೀನು ಪತ್ರದ ನಕಲೂ ಇವತ್ತಿನ ಬಾಕಿಯ ಲೆಕ್ಕವೂ ಬೇಕು ಅಂತ ಅವನ ಹೆಸರಲ್ಲಿ ಒಂದು ಅರ್ಜಿ ಬರೆದೆವು.